ಅಸ್ಥಿ ಕರಗುವುದು ಎಲ್ಲಿ?

ಮಂಗಳೂರು, ಉಡುಪಿ ಸೀಮೆಯಲ್ಲಿ ಚಿತೆ ಆರಿದ ಮೇಲೆ ಅಸ್ಥಿ ಸೇರುವ ಜಾಗಗಳು ಮುಖ್ಯವಾಗಿ ಮೂರು. ಕೆಲವರು ಅದನ್ನು ಹೊಳೆಗೆ ಬಿಡುತ್ತಾರೆ. ನೇತ್ರಾವತಿ ಮತ್ತು ಕುಮಾರಧಾರಾ ಕೂಡುವ ಉಪ್ಪಿನಂಗಡಿಗೆ ಇದಕ್ಕಾಗಿಯೇ ಬರುವವರಿದ್ದಾರೆ. ಕೆಲವರು ಕಡಲಿಗೆ ಒಪ್ಪಿಸುತ್ತಾರೆ. ಹಳ್ಳಿಗಳಲ್ಲಿ ತಮ್ಮದೇ ಜಾಗದ ಅಂಚಿನಲ್ಲಿ ದಹನ ನಡೆಸಿ, ಬೂದಿ ಮುಚ್ಚುವ ದಿನ ಅದೇ ನೆಲದಲ್ಲಿ ಬೂದಿಯನ್ನು ಒಟ್ಟುಮಾಡಿ ದೂಪೆ ಕಟ್ಟುವ ಕ್ರಮವೂ ತುಳುನಾಡಿನಲ್ಲಿದೆ. ನಂಬಿಕೆಯ ಪ್ರಕಾರ ಮೂರೂ ಪಂಚಭೂತಗಳಿಗೆ ಮರಳಿಸುವ ಕ್ರಿಯೆಗಳೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಇವುಗಳ ನಡುವೆ ಅಜಗಜಾಂತರವಿದೆ. ಎಲ್ಲವನ್ನೂ ಕರಗಿಸಿಕೊಳ್ಳುತ್ತದೆಂದು ನಾವು ನಂಬಿರುವ ಕಡಲೇ ಅಸ್ಥಿಯನ್ನು ಕರಗಿಸುವುದರಲ್ಲಿ ಎಲ್ಲಕ್ಕಿಂತ ಹಿಂದೆ, ಮನೆಯ ಹಿಂದಿನ ಕೆಂಪು ಮಣ್ಣೇ ಮುಂದೆ.

ಇದು ಏಕೆಂದು ತಿಳಿಯಬೇಕಾದರೆ ಬೆಂಕಿಯಿಂದಲೇ ಆರಂಭಿಸಬೇಕು. ದೇಹವನ್ನು ಸುಡುವ ಕೆಲಸದ ಮೊದಲ ಭಾಗ ನೀರನ್ನು ಹೊರದೂಡುವುದು. ಎಪ್ಪತ್ತು ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು ನಲವತ್ತು ಕಿಲೋ ನೀರೇ ಇರುತ್ತದೆ. ಅಷ್ಟನ್ನೂ ಕುದಿಸಿ ಆವಿಯಾಗಿಸಲು ಬೇಕಾದ ಶಾಖ ಸುಮಾರು 100 ಮೆಗಾಜೂಲ್, ಅಂದರೆ ಏಳು ಕಿಲೋ ಒಣ ಕಟ್ಟಿಗೆ ಉರಿದಾಗ ಸಿಗುವಷ್ಟು. ದೇಹದ ಕೊಬ್ಬು ಹೊತ್ತಿಕೊಂಡ ಮೇಲೆ ತಾನೇ ಒಳ್ಳೆಯ ಇಂಧನ. ಹಾಗಿದ್ದೂ ತೆರೆದ ಚಿತೆಗೆ 300ರಿಂದ 400 ಕಿಲೋ ಕಟ್ಟಿಗೆ ಬೇಕಾಗುವುದಕ್ಕೆ ಕಾರಣ, ಉರಿಯ ಬಹುಪಾಲು ಶಾಖ ಸುತ್ತಲಿನ ಗಾಳಿಯ ಪಾಲಾಗುವುದು. ಆಷಾಢದ ಮಳೆಯಲ್ಲಿ ಒದ್ದೆ ಮಾವಿನ ಕಟ್ಟಿಗೆಯೊಂದಿಗೆ ಹೆಣಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನ ಗೆರಟೆಯನ್ನು ಒಟ್ಟುವುದು ಆಗಲೇ, ಏಕೆಂದರೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಹೆಚ್ಚಿರುವ ಗೆರಟೆ ಬಿರುಸಾಗಿ, ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಗ್ರಾಮಗಳ ರುದ್ರಭೂಮಿಗಳಲ್ಲಿ ಬಂದಿರುವ ಸಿಲಿಕಾನ್ ಚೇಂಬರುಗಳು ಶಾಖವನ್ನು ಸುತ್ತುಗಟ್ಟಿ ಕಟ್ಟಿಗೆ ಉಳಿಸುತ್ತವೆ. ಮಂಗಳೂರಿನ ಬೋಳೂರಿನಲ್ಲಿರುವಂತಹ ವಿದ್ಯುತ್ ಚಿತಾಗಾರದಲ್ಲಿ ಕುಲುಮೆಯೇ ಮೊದಲು ಕಾಯ್ದಿರುವುದರಿಂದ, ಸಾಮಾನ್ಯವಾಗಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯಲ್ಲಿ, ಒಂದೆರಡು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ.

ಮಾಂಸ, ಚರ್ಮ, ಒಳ ಅಂಗಗಳು ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ಅನಿಲಗಳಾಗಿ ಅಂದೇ ಗಾಳಿಗೆ ಸೇರುತ್ತವೆ. ಉಳಿಯುವುದು ಮೂಳೆಯೊಳಗಿನ ಖನಿಜ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಬಗೆಯ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜ, ಉಳಿದದ್ದು ಹೆಚ್ಚಾಗಿ ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಉಷ್ಣತೆ ಏರುತ್ತಿದ್ದಂತೆ ಮೊದಲು ನೀರು ಹೋಗುತ್ತದೆ, ಆಮೇಲೆ ಕೊಲಾಜೆನ್ ಕರಕಲಾಗಿ ಮೂಳೆಯನ್ನು ಕಪ್ಪಾಗಿಸುತ್ತದೆ, ಆ ಮಸಿಯೂ ಉರಿದು ಹೋದಾಗ ಮೂಳೆ ಬೂದುಬಣ್ಣಕ್ಕೆ, ಕೊನೆಗೆ ಬಿಳಿಗೆ ತಿರುಗುತ್ತದೆ. ಅಸ್ಥಿ ಆಯುವಾಗ ಕೈಗೆ ಸಿಗುವ ಚೂರುಗಳಲ್ಲಿ ಈ ಎಲ್ಲ ಬಣ್ಣಗಳೂ ಕಾಣುವುದುಂಟು. ಚಿತೆಯ ನಡುವೆ ಇದ್ದದ್ದು ಬೆಳ್ಳಗೆ, ಅಂಚಿಗೆ ಸರಿದದ್ದು ಕಪ್ಪಗೆ. ಕರಾವಳಿಯವರು ಇದನ್ನು ಮರುವಾಯಿಯ ಚಿಪ್ಪು ಸುಟ್ಟು ಸುಣ್ಣ ಮಾಡುವುದರೊಂದಿಗೆ ಹೋಲಿಸಿ ನೋಡಬಹುದು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್; ಸುಟ್ಟಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು, ನೀರು ಬಿದ್ದೊಡನೆ ಅರಳಿ ಪುಡಿಯಾಗುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಮ್ಮಿನ ಜೋಡಿ ಫಾಸ್ಫೇಟ್, ಮತ್ತು ಆ ಜೋಡಿಯನ್ನು ಬಿಡಿಸುವ ಶಕ್ತಿ ಯಾವ ಚಿತೆಗೂ ಇಲ್ಲ. ಬದಲಿಗೆ, ಹೆಚ್ಚು ಕಾಯ್ದಷ್ಟೂ ಅದರ ಹರಳುಗಳು ದೊಡ್ಡದಾಗಿ ಒಂದಕ್ಕೊಂದು ಬೆಸೆಯುತ್ತವೆ. ಮೂಳೆ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಬೆರಳಿನಲ್ಲಿ ಒತ್ತಿದರೆ ಮುರಿಯುತ್ತದೆ. ಆದರೆ ಆ ಚೂರಿನ ಒಳಗಿನ ಖನಿಜ ಮೊದಲಿಗಿಂತಲೂ ಸ್ಥಿರವಾಗಿರುತ್ತದೆ.

ವಯಸ್ಕರ ಅಸ್ಥಿಯ ತೂಕ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋ. ದಪ್ಪ ಮೈಯವರ ಅಸ್ಥಿ ಹೆಚ್ಚು ತೂಗಬೇಕೆಂಬ ಊಹೆ ಸರಿಯಲ್ಲ. ತೂಕ ನಿಂತಿರುವುದು ಎಲುಬಿನ ಗಾತ್ರ ಮತ್ತು ಗಟ್ಟಿತನದ ಮೇಲೆ. ಎತ್ತರದ ಗಂಡಸಿನದು ಹೆಚ್ಚು, ಎಲುಬು ಸವೆದ ವೃದ್ಧೆಯದು ಕಡಿಮೆ. ಮಂಡಿಯ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಬೂದಿಯಲ್ಲಿ ಲೋಹದ ಕೀಲು ಹಾಗೆಯೇ ಸಿಗುತ್ತದೆ, ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಪೇಸ್‌ಮೇಕರಿನ ವಿಷಯ ಬೇರೆ: ಅದರ ಬ್ಯಾಟರಿ ಶಾಖಕ್ಕೆ ಸಿಡಿಯುತ್ತದೆ, ಆದ್ದರಿಂದ ದಹನಕ್ಕೆ ಮೊದಲೇ ಅದನ್ನು ತೆಗೆಸಬೇಕು. ದುಃಖದ ಗಡಿಬಿಡಿಯಲ್ಲಿ ಮನೆಯವರು ಹೇಳಲು ಮರೆಯುವ ಸಂಗತಿ ಇದು.

ಬೆಳ್ಳಗೆ ಸುಟ್ಟ ಮೂಳೆಯಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಅಸ್ಥಿಯಿಂದ ಸತ್ತವರು ಯಾರೆಂದು ಪ್ರಯೋಗಾಲಯ ಹೇಳಲಾರದು, ಆದರೆ ಅವರು ಎಲ್ಲಿಯ ಅನ್ನ ಉಂಡರೆಂಬುದನ್ನು ಒಂದು ಮಟ್ಟಿಗೆ ಹೇಳಬಲ್ಲದು. ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ಎಲುಬಿಗೆ ಬರುವ ಸ್ಟ್ರಾನ್ಷಿಯಂ ಎಂಬ ಧಾತು ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಕುಳಿತುಕೊಳ್ಳುತ್ತದೆ, ಮತ್ತು ಅದರ ಐಸೊಟೋಪುಗಳ, ಅಂದರೆ ಬೇರೆ ಬೇರೆ ತೂಕದ ಪರಮಾಣುಗಳ, ಅನುಪಾತ ಬಂಡೆಯಿಂದ ಬಂಡೆಗೆ ಬೇರೆ; ಅದನ್ನು ಬೆಂಕಿ ಬದಲಿಸುವುದಿಲ್ಲ. ಇಂಗ್ಲೆಂಡಿನ ಪುರಾತನ ಕಲ್ಲುವೃತ್ತವಾದ ಸ್ಟೋನ್‌ಹೆಂಜ್‌ನಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಹೂಳಲಾದ, ದಹನಗೊಂಡ 25 ಮಂದಿಯ ಎಲುಬುಗಳನ್ನು ಹೀಗೆ ಪರೀಕ್ಷಿಸಿದ ವಿಜ್ಞಾನಿಗಳು, ಅವರಲ್ಲಿ 10 ಮಂದಿ ಕೊನೆಯ ವರ್ಷಗಳನ್ನು ಬೇರೆ ಸೀಮೆಯಲ್ಲಿ ಕಳೆದವರೆಂದು 2018ರಲ್ಲಿ ತೋರಿಸಿದರು. ನಮ್ಮಲ್ಲಿಯೂ ಮುಂಬಯಿಯ ಕಪ್ಪು ಬಸಾಲ್ಟ್ ಶಿಲೆಯ ಗುರುತು ಒಂದು, ಅದಕ್ಕಿಂತ ಬಹಳ ಪುರಾತನವಾದ ನಮ್ಮ ನೈಸ್ (gneiss) ಎಂಬ ಶಿಲೆಯ ಗುರುತು ಇನ್ನೊಂದು. ಆದರೆ ಅಕ್ಕಿ ಆಂಧ್ರದಿಂದ, ಗೋಧಿ ಪಂಜಾಬಿನಿಂದ ಬರುವ ಈ ಕಾಲದಲ್ಲಿ, ಹೋಟೆಲು ಕೆಲಸಕ್ಕೆಂದು ಮುಂಬಯಿ ಸೇರಿದ ಉಡುಪಿಯವರನ್ನು ಅವರ ಅಸ್ಥಿಯಿಂದ ಗುರುತಿಸಲು ಹೊರಟರೆ ವಿಜ್ಞಾನಿಗೆ ತಲೆ ಕೆಡುವುದು ಖಂಡಿತ.

ಈಗ ಮಡಕೆಯೊಳಗಿನದ್ದಕ್ಕೆ ಬರೋಣ. ಕಟ್ಟಿಗೆ ಉರಿದಾಗ ಅದರ ತೂಕದ ಶೇಕಡ ಒಂದರ ಆಸುಪಾಸು ಬೂದಿಯಾಗುತ್ತದೆ. 350 ಕಿಲೋ ಕಟ್ಟಿಗೆಯೆಂದರೆ ಮೂರು, ಮೂರೂವರೆ ಕಿಲೋ ಬೂದಿ. ಹೀಗಾಗಿ ಚಿತೆಯ ಜಾಗದಲ್ಲಿ ಉಳಿದ ಒಟ್ಟು ಬೂದಿಯಲ್ಲಿ ಮರದ ಪಾಲೇ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ನೀರಿಗೆ ಬಿಟ್ಟಾಗ ಹೊಗೆಯಂತೆ ಹರಡಿ ಮೇಲೆ ತೇಲಿಹೋಗುವ ಬೂದುಬಣ್ಣದ ತೆರೆಯನ್ನು ನೋಡಿ, ಹೋದವರು ಹೊಳೆಯೊಂದಿಗೆ ಹೋದರೆಂದು ಕೈಮುಗಿಯುತ್ತೇವೆ. ನಿಜದಲ್ಲಿ ತೇಲುವುದು ಇದ್ದಿಲು, ಹರಡುವುದು ಹೆಚ್ಚಾಗಿ ಮರದ ಬೂದಿ, ಕರಗುವುದು ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು. ಎಲುಬಿನ ಚೂರುಗಳು ಮರಳಿಗಿಂತಲೂ ಸಾಂದ್ರವಾದ ಖನಿಜದವು. ಅವು ಬಿಟ್ಟ ಜಾಗದ ಹತ್ತಿರದಲ್ಲಿಯೇ ತಳಕ್ಕಿಳಿಯುತ್ತವೆ.

ಹೊಳೆಯ ನೀರಿನಲ್ಲಿ ಆಮ್ಲೀಯತೆ ಕಡಿಮೆ, ಆದ್ದರಿಂದ ಆ ಖನಿಜ ಬಹುಮಟ್ಟಿಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ನೇತ್ರಾವತಿ ಸೊರಗಿದಾಗ ಬಿಟ್ಟ ಅಸ್ಥಿ ಮಳೆಗಾಲದ ನೆರೆ ಬರುವವರೆಗೆ ಮರಳಿನ ನಡುವೆಯೇ ಇರುತ್ತದೆ. ನೆರೆ ಬಂದಾಗ ಮರಳಿನೊಂದಿಗೆ ಉರುಳಿ ಸವೆಯುತ್ತಾ ಅಳಿವೆಯತ್ತ ಸಾಗುತ್ತದೆ. ಅಸ್ಥಿಯಿಂದ ಹೊಳೆ ಕೆಡುತ್ತದೆಂಬ ಆಕ್ಷೇಪ ನನಗೆ ಅತಿಯೆನಿಸುತ್ತದೆ. ಕೆಡಿಸುವುದು ಅದರೊಂದಿಗೆ ಎಸೆಯುವ ಪ್ಲಾಸ್ಟಿಕ್ ತೊಟ್ಟೆ, ಬಟ್ಟೆ ಮತ್ತು ಹಾರಗಳು.

ಕಡಲು ಇನ್ನೂ ಹಠಮಾರಿ. ಅದರ ಮೇಲ್ಪದರದ ನೀರಿನ ಪಿಎಚ್ 8ಕ್ಕಿಂತ ತುಸು ಹೆಚ್ಚು, ಅಂದರೆ ಅದು ಕ್ಷಾರೀಯ. ಒಂದು ಲೀಟರಿನಲ್ಲಿ ಈಗಾಗಲೇ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇಂಥ ನೀರಿಗೆ ಎಲುಬಿನ ಖನಿಜವನ್ನು ಕರಗಿಸಿಕೊಳ್ಳುವ ಅಗತ್ಯವೇ ಇಲ್ಲವೆನ್ನಬಹುದು. ಇದೇ ಕುಟುಂಬದ ಖನಿಜದಿಂದಾದ ಶಾರ್ಕ್ ಮೀನಿನ ಹಲ್ಲುಗಳು ಕಡಲ ತಳದಲ್ಲಿ ಲಕ್ಷಾಂತರ ವರ್ಷ ಉಳಿದಿರುವುದುಂಟು. ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಕಡಲಿಗೆ ಬಿಟ್ಟ ಚೂರು ಅಲೆಗೆ ಸಿಕ್ಕಿ ನುಣ್ಣಗಾಗುತ್ತದೆಯೇ ಹೊರತು ಬೇಗನೆ ಕರಗಿ ಹೋಗುವುದಿಲ್ಲ.

ಕೆಂಪು ಮಣ್ಣಿನ ಕಥೆ ಬೇರೆ. ವರ್ಷಕ್ಕೆ 3500ರಿಂದ 4000 ಮಿಲಿಮೀಟರಿನಷ್ಟು ಸುರಿಯುವ ಮಳೆ ನಮ್ಮ ಮುರಕಲ್ಲಿನ ನೆಲದಿಂದ ಕ್ಯಾಲ್ಸಿಯಮ್ಮನ್ನು ತೊಳೆದುಹಾಕಿ ಅದನ್ನು ಆಮ್ಲೀಯವಾಗಿಸಿದೆ. ಎಲುಬಿನ ಖನಿಜ ಕರಗಲು ಬೇಕಾದದ್ದು ಆಮ್ಲವೇ. ಅಡಿಕೆ ಬೆಳೆಗಾರರು ಈ ಮಣ್ಣಿಗೆ ರಾಕ್ ಫಾಸ್ಫೇಟ್ ಹಾಕುವುದರ ಹಿಂದಿರುವುದೂ ಇದೇ ತತ್ತ್ವ: ಬೇರೆಡೆ ಕರಗದ ಆ ಕಲ್ಲಿನ ಪುಡಿ ಇಲ್ಲಿ ನಿಧಾನವಾಗಿ ರಂಜಕವನ್ನು, ಅಂದರೆ ಫಾಸ್ಫೇಟಿನೊಳಗಿನ ಫಾಸ್ಫರಸ್ಸನ್ನು, ಬಿಟ್ಟುಕೊಡುತ್ತದೆ. ಎರಡೂವರೆ ಕಿಲೋ ಅಸ್ಥಿಯಲ್ಲಿ ಸುಮಾರು 400 ಗ್ರಾಂ ರಂಜಕವಿರುತ್ತದೆ. ಅಡಿಕೆಗೆ ಶಿಫಾರಸು ಮಾಡಿರುವ ಪ್ರಮಾಣದಲ್ಲಿ ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಮರಗಳಿಗೆ ಒಂದು ವರ್ಷಕ್ಕಾಗುವಷ್ಟು. ಅದರಲ್ಲಿ ಒಂದಷ್ಟನ್ನು ಮಣ್ಣಿನ ಕಬ್ಬಿಣ ಹಿಡಿದಿಟ್ಟುಕೊಳ್ಳುವುದರಿಂದ ಎಲ್ಲವೂ ಒಂದೇ ವರ್ಷದಲ್ಲಿ ಬೇರಿಗೆ ದಕ್ಕುವುದಿಲ್ಲ, ಹಲವು ಮಳೆಗಾಲಗಳೇ ಬೇಕು.

ದೂಪೆಯ ಮೇಲೆ ನೆಟ್ಟ ಗಿಡ ಕೆಲವೊಮ್ಮೆ ಒಣಗಿ, ಮನೆಯವರು ಅದನ್ನು ಅಪಶಕುನವೆಂದು ತಿಳಿದು ನೊಂದುಕೊಳ್ಳುತ್ತಾರೆ. ಹೊಸ ಬೂದಿ ಬಹಳ ಕ್ಷಾರೀಯ, ಅದರಲ್ಲಿ ಲವಣಾಂಶವೂ ಹೆಚ್ಚು. ಬರಿಯ ಬೂದಿಯಲ್ಲಿ ಊರಿದ ಎಳೆ ಬೇರು ಸುಟ್ಟುಹೋಗುತ್ತದೆ. ಬೂದಿಗೆ ಅದರ ಹಲವು ಪಟ್ಟು ಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿ, ಬಾವಿಯಿಂದ ದೂರದಲ್ಲಿ ಹರಡಿ, ಒಂದು ಮಳೆಗಾಲ ಲವಣ ತೊಳೆದುಹೋಗಲು ಬಿಟ್ಟು ಆಮೇಲೆ ತುಳಸಿಯನ್ನೋ ತೆಂಗಿನ ಸಸಿಯನ್ನೋ ನೆಟ್ಟರೆ ಅದು ಚಿಗುರುತ್ತದೆ.