ಮೆಲ್ಲಾನ್‌ನ ಸುರುಳಿಯಲ್ಲಿ ಗೆರೆಯ ದಪ್ಪ ನೋಡಿ

ಫ್ರೆಂಚ್ ಕೆತ್ತನೆಗಾರ ಕ್ಲೋದ್ ಮೆಲ್ಲಾನ್ ಒಂದೇ ಸುರುಳಿ ಗೆರೆಯಲ್ಲಿ ತಾಮ್ರದ ಮೇಲೆ ಕೆತ್ತಿ ಕಾಗದಕ್ಕೆ ಮುದ್ರಿಸಿದ ಕ್ರಿಸ್ತನ ಮುಖವನ್ನು ತೋರಿಸಿದರೆ ಸಾಕು, ನನ್ನ ಕೆತ್ತನೆ ತರಗತಿಯ ಪ್ರತಿ ಬ್ಯಾಚಿನಲ್ಲೂ ಅದೇ ಪ್ರಶ್ನೆ: ‘ಕೈ ಎತ್ತದೆ ಹೇಗೆ ಮಾಡಿದ ಸಾರ್?’ ಎತ್ತಿದ್ದಾನೆ ಮಾರಾಯ್ರೇ, ಎಷ್ಟೋ ಸಲ ಎತ್ತಿರಲೇಬೇಕು. ತಾಮ್ರದ ತಗಡಿನ ಮೇಲೆ ಬ್ಯೂರಿನ್, ಅಂದರೆ ಲೋಹ ಕೆತ್ತುವ ಚೂಪು ಮೊನೆಯ ಉಳಿ, ಹಿಡಿದವರಿಗೆ ಅದು ಗೊತ್ತು. ಸ್ವಲ್ಪ ದೂರ ತಳ್ಳಬೇಕು, ನಿಲ್ಲಿಸಬೇಕು, ಮತ್ತೆ ಅದೇ ಗೀರಿಗೆ ಮೊನೆ ಕೂರಿಸಬೇಕು.

1649ರ ಪ್ಯಾರಿಸ್‌ನ ಕೆಲಸ ಇದು. ಸಂತ ವೆರೋನಿಕಾಳ ಬಟ್ಟೆಯಲ್ಲಿ ಕ್ರಿಸ್ತನ ಮುಖ ಮೂಡಿತು ಅನ್ನುವ ನಂಬಿಕೆಯ ಚಿತ್ರ, ಎತ್ತರ ಸುಮಾರು 43 ಸೆಂ.ಮೀ. ಮೂಗಿನ ತುದಿಯಲ್ಲಿ ಶುರುವಾದ ಗೆರೆ ಸುತ್ತುತ್ತಾ ಸುತ್ತುತ್ತಾ ಕಣ್ಣು, ಗಡ್ಡ, ಮುಳ್ಳಿನ ಕಿರೀಟ, ರಕ್ತದ ಹನಿ ಎಲ್ಲವನ್ನೂ ಮೂಡಿಸಿಕೊಂಡು ಬಟ್ಟೆಯ ತನಕ ಹೋಗುತ್ತದೆ.

ಎಲ್ಲರೂ ಸುರುಳಿಗೇ ಮರುಳಾಗುತ್ತಾರೆ. ಸುರುಳಿ ಅಷ್ಟು ಕಷ್ಟ ಅಲ್ಲ. ಬ್ಯೂರಿನ್ ಹಿಡಿದ ಕೈ ಮುಂದಕ್ಕೆ ತಳ್ಳುತ್ತಿರುತ್ತದೆ, ಇನ್ನೊಂದು ಕೈ ಚರ್ಮದ ದಿಂಬಿನ ಮೇಲಿಟ್ಟ ತಗಡನ್ನು ತಿರುಗಿಸುತ್ತಿರುತ್ತದೆ, ಹಾಗಾಗಿ ಬಾಗಿದ ಗೆರೆ ಈ ಕೆಲಸಕ್ಕೆ ಸಹಜವಾಗಿಯೇ ಒಗ್ಗುತ್ತದೆ. ಕಷ್ಟ ಇರುವುದು ದಪ್ಪದಲ್ಲಿ. ಸುತ್ತುಗಳ ನಡುವಿನ ದೂರ ಹೆಚ್ಚುಕಡಿಮೆ ಒಂದೇ. ಮೊನೆ ಆಳಕ್ಕೆ ಇಳಿದಷ್ಟೂ ಗೀರು ಅಗಲವಾಗುತ್ತದೆ, ಶಾಯಿ ಜಾಸ್ತಿ ಹಿಡಿಯುತ್ತದೆ, ಕಾಗದದಲ್ಲಿ ಕಪ್ಪಾಗಿ ಬರುತ್ತದೆ. ತೆಳುವಾದರೆ ಬೆಳಕು. ಕಣ್ಣು, ಮೂಗು, ಬಾಯಿಗೆ ಬೇರೆ ಹೊರಗೆರೆಯೇ ಇಲ್ಲ, ಅಲ್ಲಿ ಹಾದುಹೋಗುವ ಸುತ್ತುಗಳೇ ಉಬ್ಬುತ್ತವೆ, ಮತ್ತೆ ಸಣ್ಣಗಾಗುತ್ತವೆ.

ಒಬ್ಬ ಹುಡುಗಿ ತನ್ನ ಅಜ್ಜಿಯ ಮುಖವನ್ನು ಹೀಗೇ ಮಾಡಹೊರಟಳು. ತಿಂಗಳುಗಟ್ಟಲೆ ಕೂತು ಚೆಂದದ ಸುರುಳಿ ಕೆತ್ತಿದಳು, ಎಲ್ಲ ಒಂದೇ ಆಳಕ್ಕೆ. ಪ್ರೆಸ್ಸಿನಿಂದ ಕಾಗದ ಎತ್ತಿದರೆ ಬರೀ ಸುರುಳಿ, ಅಜ್ಜಿ ಎಲ್ಲೂ ಇಲ್ಲ! ಪಾಪ, ಅತ್ತೇಬಿಟ್ಟಳು. ಆಮೇಲೆ ನೆರಳು ಬೇಕಾದ ಕಡೆಯೆಲ್ಲ ಅದೇ ಗೀರುಗಳಿಗೆ ಇನ್ನೊಮ್ಮೆ ಬ್ಯೂರಿನ್ ಹಾಕಿಸಿದೆ. ಅಜ್ಜಿ ಬಂದರು, ಮೂಗುತಿಯ ಸಮೇತ. ಎಲ್ಲ ತಗಡೂ ಹೀಗೆ ಉಳಿದುಕೊಳ್ಳುತ್ತದೆ ಅಂತ ಮಾತ್ರ ನಾನು ಭರವಸೆ ಕೊಡಲ್ಲ. ಆಳ ಕಡಿಮೆ ಇದ್ದರೆ ಇನ್ನಷ್ಟು ಕೆತ್ತಬಹುದು, ಜಾಸ್ತಿಯಾದರೆ ಸರಿಮಾಡುವುದು ದೊಡ್ಡ ಪಾಡು.

ಮೆಲ್ಲಾನ್‌ಗೆ ಇದು ಒಂದು ದಿನ ಸುಮ್ನೆ ಹೊಳೆದ ಚಮತ್ಕಾರವೂ ಅಲ್ಲ. ನೆರಳಿಗೆ ಅಡ್ಡಗೆರೆ ಹಾಕುವುದನ್ನು ಬಿಟ್ಟು, ಒಂದರ ಪಕ್ಕ ಒಂದು ಓಡುವ ಗೆರೆಗಳನ್ನೇ ಉಬ್ಬಿಸಿ ತಗ್ಗಿಸಿ ಮಾಡಿದ ಚಿತ್ರಗಳು ಆತನವು ಎಷ್ಟೋ ಇವೆ. ಅವನ್ನೂ ನೋಡಿ.

ಫೋನಿನಲ್ಲಿ ಚಿಕ್ಕದಾಗಿ ನೋಡಬೇಡಿ, ಮೂಲದಲ್ಲಿ ಇಲ್ಲದ ಅಲೆಗಳೆಲ್ಲ ಕಾಣಿಸುತ್ತವೆ. ದೊಡ್ಡ ಸ್ಕ್ಯಾನ್ ತೆರೆದು, ಕಣ್ಣಿನ ಮೇಲೆ ಹಾಯುವ ಒಂದೇ ಒಂದು ಸುತ್ತನ್ನು ಹಿಡಿದು ಹೋಗಿ, ಎಲ್ಲಿ ಉಬ್ಬಿತು, ಎಲ್ಲಿ ಸಣ್ಣಗಾಯಿತು ಅಂತ ಗುರುತು ಹಾಕಿಕೊಳ್ಳಿ. ತಗಡು ಮುಟ್ಟುವುದು ಆಮೇಲೆ.