ಆಮ್ಲ ಮಳೆ ಓದುವಾಗ ಕೆಳಗಿನ ನೆಲವನ್ನೂ ನೋಡಿ

ಪರೀಕ್ಷೆಗೆ ಆಮ್ಲ ಮಳೆ ಓದುತ್ತಿದ್ದರೆ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಹೊಗೆಯೇ ಇಲ್ಲದ ಕಡೆ ಬೀಳುವ ಮಳೆಯೂ ಸ್ವಲ್ಪ ಹುಳಿಯೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹನಿಯಲ್ಲಿ ಕರಗಿ ಕಾರ್ಬಾನಿಕ್ ಆಮ್ಲ ಆಗುತ್ತದೆ, ಹಾಗಾಗಿ ಮಳೆನೀರಿನ ಪಿಹೆಚ್ (ಹುಳಿ ಅಳೆಯುವ ಅಂಕಿ, 7 ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ) 7 ಅಲ್ಲ, ಸುಮಾರು 5.6. ಅದಕ್ಕಿಂತ ಕೆಳಗಿಳಿದರೆ ಆಮ್ಲ ಮಳೆ ಅನ್ನುತ್ತೇವೆ. ಪಿಹೆಚ್ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. 5.6ರಿಂದ 4.3ಕ್ಕೆ ಬಂತು ಅಂದರೆ ಹೆಚ್ಚುಕಮ್ಮಿ ಇಪ್ಪತ್ತು ಪಟ್ಟು.

ಕಾರಣ ಎರಡು ಬಗೆಯ ಅನಿಲ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಸುಟ್ಟಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಹೊರಬರುತ್ತದೆ. ತಾಮ್ರ, ನಿಕ್ಕಲ್ ಅದಿರು ಕರಗಿಸುವಾಗಲೂ ಇದೇ ಅನಿಲ. ಇನ್ನೊಂದು ನೈಟ್ರೋಜನ್ ಆಕ್ಸೈಡುಗಳು. ಇವು ಪೆಟ್ರೋಲಿನೊಳಗಿಂದ ಬರುತ್ತವೆ ಅಂತ ತುಂಬ ಜನ ಬರೆದುಬಿಡುತ್ತಾರೆ. ಆದರೆ ವಾಹನಗಳಲ್ಲಿ ಎಂಜಿನ್ನಿನ ವಿಪರೀತ ಬಿಸಿಗೆ ಗಾಳಿಯಲ್ಲೇ ಇರುವ ನೈಟ್ರೋಜನ್ ಮತ್ತು ಆಕ್ಸಿಜನ್ ಕೂಡಿಕೊಳ್ಳುತ್ತವೆ, ಹೆಚ್ಚಿನದು ಹೀಗೇ ಹುಟ್ಟುವುದು. ಎರಡೂ ಬಗೆಯ ಅನಿಲ ಮೋಡದೊಳಗೆ ಸೇರಿ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲ ಆಗುತ್ತವೆ. ರಸಾಯನ ವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲೇ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮಳೆಯನ್ನು ಪರೀಕ್ಷಿಸಿ ಅದರಲ್ಲಿ ಸಲ್ಫ್ಯೂರಿಕ್ ಆಮ್ಲ ಇರುವುದನ್ನು ಬರೆದಿಟ್ಟಿದ್ದರು. ಆದರೂ ನೂರು ವರ್ಷ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ!

ಊರಿನ ಹೊಗೆ ಕಮ್ಮಿ ಮಾಡಲು ಚಿಮಣಿಗಳನ್ನು ಎತ್ತರಿಸಿದರು. ಹೊಗೆ ಹೋಗಲಿಲ್ಲ, ಗಾಳಿಯ ಜೊತೆ ಗಡಿ ದಾಟಿತು. 1968ರ ಸುಮಾರಿಗೆ ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಒಡೆನ್, ತಮ್ಮ ದೇಶದ ಕೆರೆಗಳನ್ನು ಹುಳಿ ಮಾಡುತ್ತಿರುವುದು ಬ್ರಿಟನ್ ಮತ್ತು ಮಧ್ಯ ಯೂರೋಪಿನ ಗಂಧಕ ಅಂತ ತೋರಿಸಿದರು.

ಇಲ್ಲೊಂದು ಪ್ರಶ್ನೆ ಬರಬೇಕು. ಅದೇ ಮಳೆ ಬಿದ್ದ ಎಲ್ಲ ಕಡೆಯೂ ಕೆರೆಗಳು ಯಾಕೆ ಸಾಯಲಿಲ್ಲ? ಉತ್ತರ ನೆಲದಲ್ಲಿದೆ. ಒಂದು ಲೋಟಕ್ಕೆ ನಿಂಬೆರಸ ಹಿಂಡಿ ಮೊಟ್ಟೆ ಚಿಪ್ಪಿನ ಚೂರು ಹಾಕಿ ನೋಡಿ. ಚಿಪ್ಪಿನ ಮೈತುಂಬ ಸಣ್ಣ ಗುಳ್ಳೆ ಏಳುತ್ತವೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಆಮ್ಲವನ್ನು ತಿಂದುಹಾಕುತ್ತಿದೆ, ತಾನೂ ಸವೆಯುತ್ತಿದೆ. ಸುಣ್ಣದಂಶ ಇರುವ ಮಣ್ಣು ಮಾಡುವುದೂ ಇದನ್ನೇ. ಸ್ವೀಡನ್, ನಾರ್ವೆಯ ಬಹುಪಾಲು ನೆಲ ಗ್ರಾನೈಟಿನಂಥ ಗಟ್ಟಿ ಬಂಡೆ, ಮೇಲೆ ತೆಳು ಮಣ್ಣು, ಸುಣ್ಣ ಬಹಳ ಕಮ್ಮಿ. ನಮ್ಮಲ್ಲೇ ನೋಡಿ, ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸುಣ್ಣದ ಹರಳು ಸಿಗುತ್ತವೆ. ಮಲೆನಾಡಿನಲ್ಲಿ ಜೋರು ಮಳೆ ಸುಣ್ಣವನ್ನು ತೊಳೆದುಕೊಂಡು ಹೋಗಿರುತ್ತದೆ, ಅದಕ್ಕೇ ಕಾಫಿ ತೋಟಕ್ಕೆ ಸುಣ್ಣ ಹಾಕುವುದು. (ಅಲ್ಲಿನ ಹುಳಿಗೆ ಕಾರಣ ಆಮ್ಲ ಮಳೆ ಅಂತ ಬರೆಯಬೇಡಿ, ಮಳೆಯ ಪ್ರಮಾಣವೇ ಸಾಕು.)

ತಡೆಯುವ ಸುಣ್ಣ ಮುಗಿದ ಮೇಲೆ ಆಮ್ಲ ಮಣ್ಣಿನ ಅಲ್ಯೂಮಿನಿಯಂ ಬಿಡಿಸಿ ಕೆರೆಗೆ ತರುತ್ತದೆ. ಅದು ಮೀನಿನ ಕಿವಿರುಗಳಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಪಿಹೆಚ್ 5ರ ಹತ್ತಿರ ಬಂದರೆ ಎಷ್ಟೋ ಜಾತಿಯ ಮೀನಿನ ಮೊಟ್ಟೆ ಒಡೆಯುವುದೇ ಇಲ್ಲ. ಚಳಿಗಾಲವಿಡೀ ಹಿಮದಲ್ಲಿ ಕೂತಿದ್ದ ಆಮ್ಲ ವಸಂತದಲ್ಲಿ ಒಮ್ಮೆಲೇ ಕರಗಿ ಬರುತ್ತದೆ, ಅದೂ ಮರಿಗಳು ಹೊರಬರುವ ಹೊತ್ತಿಗೇ. ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಬೇರೆ ಸಂಗತಿ: ಇಂಥ ಕೆರೆಯ ನೀರು ಎಷ್ಟೋ ಸಲ ತಳ ಕಾಣುವಷ್ಟು ತಿಳಿಯಾಗಿರುತ್ತದೆ. ನೋಡಿದವರಿಗೆ ಚೆಂದ ಅನಿಸುತ್ತದೆ, ಒಳಗೆ ಜೀವ ಕಮ್ಮಿಯಾಗಿರುತ್ತದೆ.

ಇನ್ನು ತಾಜ್ ಮಹಲ್, ಪರೀಕ್ಷೆಯಲ್ಲಿ ಕೇಳುವುದು ಇದನ್ನೇ ಅಲ್ವಾ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟ್, ಸಲ್ಫ್ಯೂರಿಕ್ ಆಮ್ಲ ತಾಗಿದರೆ ಮೇಲ್ಮೈ ಜಿಪ್ಸಂ ಆಗಿ ಉದುರುತ್ತದೆ. 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟ್ ಸುತ್ತಲಿನ 292 ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಿ, ಇಲ್ಲವೇ ಜಾಗ ಬಿಡಿ ಅಂದಿತು. ಆದರೆ ಉತ್ತರ ಭಾರತದ ಧೂಳಿನಲ್ಲಿ ಸುಣ್ಣ ಇರುವುದರಿಂದ ಮಳೆಯ ಹುಳಿ ಎಷ್ಟೋ ಮಟ್ಟಿಗೆ ತಗ್ಗುತ್ತದೆ. ಮಳೆ ಇಲ್ಲದೆಯೂ ಅನಿಲ ನೇರವಾಗಿ ಕಲ್ಲಿಗೆ ಅಂಟುವುದೂ ಇದೆ, ಬಣ್ಣ ಮಾಸಲು ಧೂಳು ಮತ್ತು ಮಸಿಯೂ ಕಾರಣ. ಪರೀಕ್ಷೆಯ ಉತ್ತರದಲ್ಲಿ ಈ ಎರಡು ಸಾಲು ಸೇರಿಸಿ.

ಪರಿಹಾರದ ಭಾಗ ಸಣ್ಣದು. ಚಿಮಣಿಯಲ್ಲೇ ಸುಣ್ಣದಕಲ್ಲಿನ ನೀರಿನಿಂದ ಗಂಧಕ ಹಿಡಿಯುವುದು, ಗಂಧಕ ಕಮ್ಮಿ ಇರುವ ಇಂಧನ, ವಾಹನಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ಮತ್ತೆ ನೈಟ್ರೋಜನ್ ಮಾಡುವ ಸಾಧನ). ಗಡಿ ದಾಟುವ ಹೊಗೆ ತಡೆಯಲು ದೇಶಗಳು ಮಾಡಿಕೊಂಡ 1979ರ ಜಿನೀವಾ ಒಪ್ಪಂದದ ನಂತರ ಯೂರೋಪಿನಲ್ಲಿ ಗಂಧಕದ ಹೊಗೆ ಬಹಳ ಇಳಿದಿದೆ. ಕೆರೆಗಳು ಮಾತ್ರ ಅಷ್ಟು ಬೇಗ ಚೇತರಿಸಿಕೊಳ್ಳುತ್ತಿಲ್ಲ, ಯಾಕೆಂದರೆ ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ ಬಂಡೆ ಸವೆದು ವಾಪಸ್ ಬರಬೇಕು, ಅದಕ್ಕೆ ದಶಕಗಳೇ ಬೇಕು. ಅಲ್ಲಿಯವರೆಗೆ ಸ್ವೀಡನ್ನಿನವರು ದೋಣಿ, ಹೆಲಿಕಾಪ್ಟರ್‌ಗಳಿಂದ ಕೆರೆಗಳಿಗೆ ಸುಣ್ಣದಕಲ್ಲಿನ ಪುಡಿ ಸುರಿಯುತ್ತಿದ್ದಾರೆ.