ತೆರಿಗೆ ಇಳಿಸುತ್ತೇನೆ ಎನ್ನುವ ಶಾಲಾ ಮಂಡಳಿ ಅಭ್ಯರ್ಥಿಗೆ ಏನು ಕೇಳಬೇಕು?

ಕ್ಯಾಲಿಫೋರ್ನಿಯಾದ ಶಾಲಾ ಮಂಡಳಿ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. 1971ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಪಕ್ಷದವರೂ ಅಲ್ಲಿ ಎಂಜಿನಿಯರ್, ವ್ಯಾಪಾರಿ ಎಂದಷ್ಟೇ ಕಾಣಿಸುತ್ತಾರೆ. ಸರ್ಕಾರದ ಪಾತ್ರ ಕಡಿಮೆಯಾದಷ್ಟೂ ಒಳ್ಳೆಯದು, ಮಗುವಿನ ಶಾಲೆಯನ್ನು ಪೋಷಕರೇ ಆರಿಸಲಿ ಎಂಬುದು ಅವರ ನಿಲುವು. ಸರ್ಕಾರಿ ಶಾಲೆಯನ್ನೇ ಒಪ್ಪದವರು ಅದನ್ನು ನಡೆಸುವ ಮಂಡಳಿಗೆ ಏಕೆ ಬರುತ್ತಾರೆ ಎಂದು ಫ್ರೀಮಾಂಟ್, ಕ್ಯುಪರ್ಟಿನೊ ಕಡೆಯ ಕನ್ನಡ ಪೋಷಕರು ನನ್ನನ್ನು ಕೇಳುವುದುಂಟು. ಶಾಲಾ ಜಿಲ್ಲೆಗಳ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕಗಳ, ಲೆಕ್ಕ ತಪಾಸಣೆ ನನ್ನ ವೃತ್ತಿ. ಲೆಕ್ಕದ ಕಡೆಯಿಂದಲೇ ಉತ್ತರಿಸುತ್ತೇನೆ.

ಆಸ್ತಿ ತೆರಿಗೆಯ ಮೂಲ ದರ ಇಳಿಸುತ್ತೇನೆ ಎಂಬ ಭರವಸೆಯನ್ನು ನಂಬಬೇಡಿ. ಮತದಾರರು ನೇರವಾಗಿ ಮತ ಹಾಕಿ ಅಂಗೀಕರಿಸಿದ 1978ರ ಪ್ರೊಪೊಸಿಷನ್ 13 ಅದನ್ನು ಶೇ 1ಕ್ಕೆ ಕಟ್ಟಿಹಾಕಿದೆ, ಮಂಡಳಿ ಅದನ್ನು ಮುಟ್ಟುವಂತಿಲ್ಲ. ಸರ್ಕಾರದ ಹಣದಲ್ಲಿ ಪೋಷಕರು ಖಾಸಗಿ ಶಾಲೆಯನ್ನೂ ಆರಿಸಿಕೊಳ್ಳಲಿ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ವಾದಿಸಿದ ವೋಚರ್ ಪದ್ಧತಿಯೂ ಮಂಡಳಿಯ ಕೈಯಲ್ಲಿಲ್ಲ. ಜಿಲ್ಲೆಯ ಖರ್ಚಿನ ಸುಮಾರು ಐದರಲ್ಲಿ ನಾಲ್ಕು ಪಾಲು ಸಂಬಳ, ಸವಲತ್ತುಗಳಿಗೆ ಹೋಗುತ್ತದೆ. ಅದರ ಬಹುಭಾಗ ನೌಕರರ ಸಂಘಗಳ ಜೊತೆಗಿನ ಒಪ್ಪಂದಕ್ಕೆ ಒಳಪಟ್ಟದ್ದು.

ಬಾಂಡ್ ವಿಷಯ ಬೇರೆ. ಕಟ್ಟಡಗಳಿಗೆ ಜಿಲ್ಲೆ ಎತ್ತುವ ಸಾಲವನ್ನು ಮನೆ ಮಾಲೀಕರು ತೆರಿಗೆಯ ಜೊತೆಗೆ ದಶಕಗಳ ಕಾಲ ತೀರಿಸುತ್ತಾರೆ. ಅದಕ್ಕೆ ಮತದಾರರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕಿತ್ತು. 2000ರ ಪ್ರೊಪೊಸಿಷನ್ 39 ಶೇ 55 ಸಾಕೆಂದಿತು. ಆದರೆ ಈ ಸುಲಭದ ದಾರಿ ಹಿಡಿಯಲು ಮೊದಲು ಮಂಡಳಿಯ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಐವರ ಮಂಡಳಿಯಾದರೆ ನಾಲ್ವರು. ಇಬ್ಬರು ಬೇಡವೆಂದರೆ ಪ್ರಸ್ತಾವ ಆ ದಾರಿಯಲ್ಲಿ ಜನರ ಮುಂದೆ ಬರುವುದೇ ಇಲ್ಲ. ಲಿಬರ್ಟೇರಿಯನ್ ಸದಸ್ಯರ ನಿಜವಾದ ಬಲ ಇರುವುದು ಇಲ್ಲಿ. ಚಾವಣಿ ಸೋರುವ ಶಾಲೆಯ ದುರಸ್ತಿಗೂ ಅದೇ ಬಲ ಅಡ್ಡ ಬರಬಹುದು. ಆದ್ದರಿಂದ ಎಂಥ ಬಾಂಡಿಗೆ ಒಪ್ಪುತ್ತೀರಿ ಎಂದು ಅಭ್ಯರ್ಥಿಯನ್ನು ಕೇಳಿ. ಯಾವುದಕ್ಕೂ ಒಪ್ಪುವುದಿಲ್ಲ ಎನ್ನುವವರನ್ನು ನಾನು ಬೆಂಬಲಿಸಲಾರೆ. ಮಕ್ಕಳು ಕೂರುವ ಕೋಣೆ ಸಿದ್ಧಾಂತಕ್ಕಾಗಿ ಕಾಯಬಾರದು.

ಇನ್ನೊಂದು ಕೆಲಸಕ್ಕೆ ಮಾತ್ರ ಇಂಥವರು ಮಂಡಳಿಯಲ್ಲಿ ಒಬ್ಬರಾದರೂ ಇರಲಿ ಎಂದು ಮನಸಾರೆ ಬಯಸುತ್ತೇನೆ. ಗುತ್ತಿಗೆ, ಸಲಹೆಗಾರರ ಶುಲ್ಕ, ಖರೀದಿ ಆದೇಶಗಳನ್ನು ಒಟ್ಟುಗೂಡಿಸಿ, ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಅಂಗೀಕರಿಸುವ ರೂಢಿ ಇದೆ. ಕನ್ಸೆಂಟ್ ಕ್ಯಾಲೆಂಡರ್ ಎನ್ನುತ್ತಾರೆ. ಲಕ್ಷಾಂತರ ಡಾಲರ್ ಹೀಗೆ ಸದ್ದಿಲ್ಲದೆ ದಾಟಬಹುದು. ಅದರಿಂದ ಒಂದು ಬಾಬನ್ನು ಹೊರತೆಗೆದು ಪ್ರತ್ಯೇಕ ಚರ್ಚೆಗೆ ತರಲು ಸಾಮಾನ್ಯವಾಗಿ ಒಬ್ಬ ಸದಸ್ಯರ ಕೋರಿಕೆ ಸಾಕು. ಬಹುಮತವೇನೂ ಬೇಡ, ಕಡತವನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಬೇಕು. ಕಳೆದ ಸಭೆಯ ಯಾವ ಬಾಬನ್ನು ನೀವಾಗಿದ್ದರೆ ಹೊರತೆಗೆಯುತ್ತಿದ್ದಿರಿ ಎಂದು ಕೇಳಿದರೆ ಅಭ್ಯರ್ಥಿಯ ಸಿದ್ಧತೆ ಗೊತ್ತಾಗುತ್ತದೆ.

ಫ್ರೀಮಾಂಟ್, ಕ್ಯುಪರ್ಟಿನೊದಲ್ಲಿ ವೀಸಾದ ಮೇಲಿರುವವರಿಗೆ ಮತವಿಲ್ಲ, ನಿಜ. ಆದರೆ ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿರಬೇಕೆನ್ನುವ 1953ರ ಬ್ರೌನ್ ಕಾಯ್ದೆಯ ಪ್ರಕಾರ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರು ಯಾರು ಬೇಕಾದರೂ ಮಾತನಾಡಬಹುದು, ಪೌರತ್ವ ಕೇಳುವುದಿಲ್ಲ. ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗುತ್ತದೆ.